ಹಳೇ ಕಾಂಕ್ರೀಟ್ ಮೇಲೆ ಹೊಸ ಕಾಂಕ್ರೀಟ್ ಕಚ್ಚಿಕೊಳ್ಳಬೇಕಾದರೆ ಏನು ಮಾಡಬೇಕು?

ಹುಬ್ಬಳ್ಳಿಯ ನಿಮ್ಮ ಮನೆ ಅಂಗಳದ ಕಾಂಕ್ರೀಟ್ ಸವೆದು ಉಸುಕು ಏಳ್ತಿದೆ, ಮೇಲೆ 2 ಇಂಚು ಹೊಸದು ಹಾಕಬೇಕು ಅಂತ ಬರೆದಿದ್ದೀರಿ. ಗೌಂಡಿ ಸಿಮೆಂಟ್ ನೀರು ಸಾಕು ಅಂತಾರೆ, ಅಂಗಡಿಯವರು ಕೆಮಿಕಲ್ ಬೇಕೇ ಬೇಕು ಅಂತಾರೆ. ನಾನು ಈ ಭಾಗದಲ್ಲೇ ರಿಪೇರಿ ಕೆಲಸ ಮಾಡಿಸುವವನು. ಇಬ್ಬರೂ ಹೇಳ್ತಿರೋದು ಆಮೇಲಿನ ಕೆಲಸ. ಮೊದಲು ಬೇಕಿರೋದು ಚಾಣ, ಸುತ್ತಿಗೆ.

ಗೋಕುಲ ರಸ್ತೆ ಕಡೆ ಒಂದು ಪಾರ್ಕಿಂಗ್‌ನಲ್ಲಿ ಮೇಲಿನ ಪದರ ಹಂಚಿನಿಂದ ರೊಟ್ಟಿ ಎದ್ದಂತೆ ಇಡಿಯಾಗಿ ಎದ್ದು ಬಂತು. ತಿರುಗಿಸಿ ನೋಡಿದರೆ ತಳ ನುಣ್ಣಗಿತ್ತು. ಬೆರಳಿಂದ ಉಜ್ಜಿದರೆ ಒಣಗಿದ ಸಿಮೆಂಟ್ ಪುಡಿ, ಅದರ ಜೊತೆ ಹಳೇ ಧೂಳು. ಹೊಸ ಕಾಂಕ್ರೀಟ್ ಗಟ್ಟಿಯಾಗೇ ಇತ್ತು, ಆದರೆ ಅಂಟಿಕೊಂಡಿದ್ದು ಧೂಳಿಗೆ.

ಹಾಗಾಗಿ ಮೊದಲು ಅಂಗಳ ಪೂರ್ತಿ ಸುತ್ತಿಗೆಯಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದ ಜಾಗ ಒಡೆದು ತೆಗೆಯಿರಿ. ಉಳಿದ ಕಡೆ ಮೇಲಿನ ಮೆತ್ತನೆ ಪದರ ಹೋಗಿ ಒಳಗಿನ ಖಡಿ ಕಾಣೋವರೆಗೆ ಚಾಣ ಹೊಡೆಸಿ. ತಗ್ಗು ದಿಣ್ಣೆ 5–6 ಮಿ.ಮೀ. ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಅಲ್ಲೊಂದು ಇಲ್ಲೊಂದು ಕಚ್ಚು ಹೊಡೆದು ಮುಗಿಸೋಕೆ ಬಿಡಬೇಡಿ. ಗಾಡಿ ಎಣ್ಣೆ ಬಿದ್ದ ಜಾಗಕ್ಕೆ ನೀರಷ್ಟೇ ಸಾಲದು, ಎಣ್ಣೆ ಕುಡಿದಷ್ಟು ಕಾಂಕ್ರೀಟ್ ಕೆತ್ತಿ ತೆಗೆಸಿ. ಆಮೇಲೆ ಕಸಬರಿಗೆ, ಜೋರು ನೀರು.

ನೀರಿನ ವಿಷಯದಲ್ಲೇ ಜಾಸ್ತಿ ಜನ ಎಡವೋದು. ಹಳೇ ಕಾಂಕ್ರೀಟ್ ಒಣಗಿದ್ದರೆ ಹೊಸದರ ನೀರು ಹೀರಿಕೊಳ್ಳುತ್ತದೆ. ಮೇಲೆ ನೀರು ನಿಂತಿದ್ದರೆ ಕೂಡುವ ಜಾಗದಲ್ಲೇ ಕಾಂಕ್ರೀಟ್ ತೆಳ್ಳಗಾಗಿ ಬಲ ಹೋಗುತ್ತದೆ. ಹಿಂದಿನ ರಾತ್ರಿ ಪೂರ್ತಿ ನೆನೆಸಿ, ಬೆಳಿಗ್ಗೆ ನಿಂತ ನೀರು ಗುಡಿಸಿ. ಒಳಗೆ ತಂಪಿರಬೇಕು, ಮೇಲೆ ನೀರು ಹೊಳೆಯಬಾರದು.

ಈಗ ಕೆಮಿಕಲ್. ಹಾಲಿನಂತಿರುವ ಎಸ್‌ಬಿಆರ್ ಲೇಟೆಕ್ಸ್ (ಕೃತಕ ರಬ್ಬರಿನ ದ್ರಾವಣ) ಒಳ್ಳೆಯದೇ, ಖರ್ಚು ಮಾಡಿ. ಡಬ್ಬಿ ಮೇಲಿನ ಅಳತೆಯಂತೆ ಸಿಮೆಂಟ್‌ಗೆ ಬೆರೆಸಿ ಬ್ರಷ್‌ನಿಂದ ತಿಕ್ಕಿ ಬಳಿಸಿ. ಅದು ಹಸಿಯಾಗಿರುವಾಗಲೇ ಕಾಂಕ್ರೀಟ್ ಬೀಳಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಒಣಗುತ್ತದೆ, ಒಣಗಿದರೆ ಅದೇ ಪದರ ಎರಡನ್ನೂ ಬೇರೆ ಮಾಡುತ್ತದೆ. ಬರೀ ಸಿಮೆಂಟ್ ನೀರಿಗೂ ಇದೇ ಮಾತು. ಒಬ್ಬರು ಮುಂದೆ ಬಳಿಯುತ್ತಾ ಹೋಗಲಿ, ಹಿಂದೆಯೇ ಕಾಂಕ್ರೀಟ್ ಸುರಿಯಲಿ. ಕಟ್ಟಿಗೆಗೆ ಹಚ್ಚುವ ಬಿಳಿ ಗೋಂದು ಬೆರೆಸ್ತೀವಿ ಅಂದರೆ ಒಪ್ಪಬೇಡಿ, ಮಳೆಗೆ ಮತ್ತೆ ಮೆತ್ತಗಾಗುತ್ತದೆ.

2 ಇಂಚಿಗೆ 10–12 ಮಿ.ಮೀ. ಖಡಿ ಸಾಕು. ಹಳೇ ಅಂಗಳದಲ್ಲಿ ಜಾಯಿಂಟ್ ಇದ್ದರೆ ಹೊಸದರಲ್ಲೂ ಅದೇ ಗೆರೆಯಲ್ಲಿ ಬಿಡಿ. ಕೆಳಗೆ ಎರೆ ಮಣ್ಣಿದ್ದು ಬಿರುಕು ಮಳೆಗಾಲ, ಬೇಸಿಗೆಗೆ ಕೂಡ್ತಾ ಬಿಡ್ತಾ ಇದ್ದರೆ ಮೇಲೆ ಏನು ಹಾಕಿದರೂ ಅದೇ ಜಾಗದಲ್ಲಿ ಸೀಳುತ್ತದೆ. ಅಂಥ ಭಾಗ ತೆಗೆದು ತಳದಿಂದಲೇ ಮಾಡಿಸಿ.

ತೆಳು ಪದರ ಬೇಗ ಒಣಗಿ ಕುಗ್ಗಿ ಅಂಚಿನಲ್ಲಿ ಏಳುತ್ತದೆ, ಅದಕ್ಕೇ ಕ್ಯೂರಿಂಗ್ ಬಿಡಬೇಡಿ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್ ಆದರೆ ಕನಿಷ್ಠ 10 ದಿನ, ಬಿಸಿಲಿನಲ್ಲಿ 14 ದಿನ ಗೋಣಿಚೀಲ ಹಾಸಿ ಹಸಿ ಇಡಿ.

ಇದು ನೆಲದ ಮೇಲಿನ ಅಂಗಳದ ಮಾತು. ಇದನ್ನೇ ಮಾಳಿಗೆ ಮೇಲೆ ಮಾಡೋ ಯೋಚನೆ ಇದ್ದರೆ, 2 ಇಂಚು ಅಂದರೆ ಚದರ ಮೀಟರಿಗೆ ಸುಮಾರು 120 ಕಿಲೋ ಭಾರ. ಆ ಸ್ಲ್ಯಾಬ್ ತಡೆಯುತ್ತಾ ಅಂತ ಎಂಜಿನಿಯರ್‌ಗೆ ತೋರಿಸಿಯೇ ಕೈ ಹಾಕಿ.