ಮೊನೆಯ ಕಡಲ ಚಿತ್ರದಲ್ಲಿ ಬಂಡೆ, ಅಲೆ ಏನನ್ನು ಸೂಚಿಸುತ್ತವೆ?

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆ ಬರೆದ, ಫ್ರಾನ್ಸಿನ ಎತ್ರೆತಾ ದಡದ ಕಡಲ ಬಂಡೆಗಳ ಚಿತ್ರದ ಬಗ್ಗೆ "ಬಂಡೆ ಅಂದರೆ ಹಟ, ಅಲೆ ಅಂದರೆ ಕಾಲ ಅಂತ ಬರೆಯಬಹುದಾ" ಎಂದು ಕೇಳಿದ್ದೀರಿ. ದಯವಿಟ್ಟು ಬರೆಯಬೇಡಿ. ನಾನು ಹಾಗೇ ಬರೆದು ಕೆಟ್ಟೆ.

ಆಗ ಮಂಡ್ಯದಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಬಂದು ಓದುತ್ತಿದ್ದೆ. ಸೆಮಿನಾರಿಗೆ ಸಿಕ್ಕಿದ್ದು ಮೊನೆಯ 'ಇಂಪ್ರೆಷನ್, ಸನ್‌ರೈಸ್'. 1872ರ ಚಿತ್ರ: ಫ್ರಾನ್ಸಿನ ಲ ಹಾವ್ರ್ ಬಂದರು, ಬೆಳಗಿನ ಮಂಜು, ದೋಣಿಗಳು. ಲೈಬ್ರರಿ ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲ. ರೈಲಿಗೆ ಹೊತ್ತಾಗಿತ್ತು. ಪುಟವನ್ನು ಸರಿಯಾಗಿ ನೋಡದೆ ಕಪ್ಪುಬಿಳುಪು ಝೆರಾಕ್ಸ್ ಮಾಡಿಸಿಕೊಂಡು ಓಡಿದೆ.

ಮನೆಯಲ್ಲಿ ನೋಡಿದರೆ ಆಕಾಶದಲ್ಲಿ ಸೂರ್ಯನೇ ಇಲ್ಲ! ನನಗೆ ಖುಷಿಯೇ ಆಯಿತು. ಹೆಸರಲ್ಲಿ ಸೂರ್ಯೋದಯ ಇದೆ, ಚಿತ್ರದಲ್ಲಿ ಇಲ್ಲ. ಅಂದರೆ ಇನ್ನೂ ಬಾರದ ನಾಳೆ, ದೋಣಿ ಅಂದರೆ ಕಾಯುವ ಮನುಷ್ಯ. ನಾಲ್ಕು ಪುಟ ತುಂಬಿಸಿದೆ. ನೀರಿನ ಮೇಲಿನ ಗೆರೆಗಳನ್ನು ಸುಮ್ನೆ ಅಲೆ ಅಂದುಕೊಂಡೆ.

ಸೆಮಿನಾರಿನಲ್ಲಿ ಮೇಷ್ಟ್ರು ಬಣ್ಣದ ಪುಟ ತೆರೆದು ಬೆರಳಿಟ್ಟು "ಇದೇನಪ್ಪಾ?" ಎಂದರು. ಬೆರಳ ಪಕ್ಕ ಕಿತ್ತಳೆ ಬಣ್ಣದ ಸೂರ್ಯ. ಕೆಳಗೆ, ನಾನು ಅಲೆ ಅಂದ ಕಡೆ, ಅದರದ್ದೇ ಪ್ರತಿಬಿಂಬ. ನಾಲ್ಕೂ ಪುಟ ವ್ಯರ್ಥ.

ತಪ್ಪು ಝೆರಾಕ್ಸಿನದ್ದಲ್ಲ. ಚಿತ್ರ ನೋಡುವ ಮೊದಲೇ ಅರ್ಥ ಹುಡುಕಲು ಹೊರಟಿದ್ದೆ. ಇಲ್ಲದಿದ್ದರೆ "ಸೂರ್ಯ ಯಾಕೆ ಕಾಣ್ತಿಲ್ಲ" ಅಂತ ವಾಪಸ್ ಹೋಗಿ ನೋಡುತ್ತಿದ್ದೆ, ಅಲ್ವಾ? ಆ ಕಿತ್ತಳೆಗೂ ಸುತ್ತಲಿನ ಬೂದುನೀಲಿಗೂ ಬಣ್ಣ ಬೇರೆ, ಬೆಳಕಿನ ಮಟ್ಟ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದರೆ ಸೂರ್ಯ ಕರಗಿಹೋಗುತ್ತದೆ. ಬಣ್ಣವಿದ್ದಾಗ ನಿಂತಲ್ಲಿ ನಿಲ್ಲದೆ ಮಿಡಿಯುವ ಹಾಗೆ ಕಾಣುವುದೂ ಅದಕ್ಕೇ.

ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಏಳರ ಹೊತ್ತಿಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತಿದ್ದೆ. ಮಂಜಿನೊಳಗೆ ಸೂರ್ಯ ಬಂದ. ಕಣ್ಣು ಕುಕ್ಕಲಿಲ್ಲ. ಸುತ್ತಲಿನ ಬೂದು ಬಣ್ಣಕ್ಕಿಂತ ಬೆಳಕು ಅಷ್ಟೇನೂ ಜಾಸ್ತಿ ಅನ್ನಿಸಲಿಲ್ಲ, ಬಣ್ಣ ಮಾತ್ರ ಬೇರೆ. ಚಿತ್ರ ಅಲ್ಲಿ ಅರ್ಥವಾಯಿತು.

ನಿಮ್ಮ ಚಿತ್ರಕ್ಕೂ ಇದನ್ನೇ ಮಾಡಿ. ಫೋನಿನಲ್ಲಿ ಕಪ್ಪುಬಿಳುಪು ಮಾಡಿ, ಏನು ಮಾಯವಾಯಿತು ನೋಡಿ, ಮತ್ತೆ ಬಣ್ಣಕ್ಕೆ ತನ್ನಿ. ಬಂಡೆಯ ಯಾವ ಮಗ್ಗುಲಿಗೆ ಬೆಳಕು ಬಿದ್ದಿದೆ, ನೆರಳಿನಲ್ಲಿ ಯಾವ ಬಣ್ಣ ಇದೆ, ಅದನ್ನು ಬರೆಯಿರಿ. 1880ರ ದಶಕದಲ್ಲಿ ಮೊನೆ ಎತ್ರೆತಾ ದಡಕ್ಕೆ ಹಲವು ಕ್ಯಾನ್ವಾಸ್ ಒಯ್ದು, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಿದ್ದ. ಬಂಡೆ ಬರೀ ಹಟದ ಗುರುತಾಗಿದ್ದರೆ ಒಂದೇ ಕ್ಯಾನ್ವಾಸ್ ಸಾಕಿತ್ತು. 1870ರಲ್ಲಿ ಅವನು ದಡದಲ್ಲೇ ಕೂತು ಬರೆದ ತ್ರೂವಿಲ್ ಕಡಲತೀರದ ಚಿತ್ರದಲ್ಲಂತೂ ಬಣ್ಣದೊಳಗೆ ಮರಳಿನ ಕಣಗಳೇ ಅಂಟಿಕೊಂಡಿವೆ.