ಪಾತ್ರಗಳ ಹೆಸರೇ ನೆನಪಿರದಿದ್ದರೆ?

ಪ್ರಶ್ನೆ: ಇಷ್ಟು ವರ್ಷ ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನೂ ಓದಿಲ್ಲ. ಈಗ ರಷ್ಯನ್ ಕಾದಂಬರಿಯೊಂದರ ಅನುವಾದ ಹಿಡಿದೆ. 50 ಪುಟ ದಾಟುವಷ್ಟರಲ್ಲಿ ಯಾರು ಯಾರೆಂದೇ ತಿಳಿಯದೆ ಬಿಟ್ಟುಬಿಟ್ಟೆ. ಏನು ಮಾಡಲಿ?

ಉತ್ತರ: ಹೆಚ್ಚಿನವರು ಎಡವುವುದೇ ಅಲ್ಲಿ. ರಷ್ಯನ್ನರಿಗೆ ಸ್ವಂತ ಹೆಸರು, ತಂದೆಯಿಂದ ಬಂದ ಹೆಸರು, ಮನೆತನದ ಹೆಸರು ಎಂದು ಮೂರಿರುತ್ತವೆ. ಮುದ್ದಿನ ಹೆಸರು ಬೇರೆ. ಇವಾನನ ಮಗನನ್ನು ಹೊರಗಿನವರು ಗೌರವದಿಂದ ‘ಅಲೆಕ್ಸಾಂಡರ್ ಇವಾನೊವಿಚ್’ ಎಂದರೆ ಮನೆಯವರು ‘ಸಾಶಾ’ ಎನ್ನುತ್ತಾರೆ. ಓದುವವರಿಗೆ ಇಬ್ಬರಿದ್ದಂತೆ ಕಾಣುತ್ತದೆ. ಅವನ ತಂಗಿಯ ಹೆಸರಿನ ಜೊತೆಗೆ ‘ಇವಾನೊವ್ನಾ’ ಬರುತ್ತದೆ. ಪುಟದ ಗುರುತಿಗೆ ಇಡುವ ರಟ್ಟಿನ ಮೇಲೆಯೇ ಪಾತ್ರಕ್ಕೊಂದು ಸಾಲಿನಂತೆ ಎಲ್ಲ ಹೆಸರುಗಳನ್ನೂ, ಯಾರಿಗೆ ಏನಾಗಬೇಕೆಂಬುದನ್ನೂ ಬರೆದುಕೊಳ್ಳಿ. ಹತ್ತು ಹನ್ನೆರಡು ಸಾಲು ಸಾಕು. ಜಪಾನಿ, ಚೀನೀ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು. ಕೆಲವು ಅನುವಾದಕರು ಅದನ್ನು ಹಿಂದುಮುಂದು ಮಾಡಿರುತ್ತಾರೆ, ಮುನ್ನುಡಿ ನೋಡಿ.

ಇನ್ನೊಂದು ಮಾತು. ಪ್ರಕಾರ, ದೇಶ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಜಪಾನಿನದೋ ಸ್ವೀಡನ್ನಿನದೋ ಪತ್ತೇದಾರಿ ಕಾದಂಬರಿಯನ್ನೇ ಓದಿ. ಕಥೆಯ ಜಾಡು ನಿಮಗೆ ಗೊತ್ತಿರುವುದೇ, ಊಟ ಉಡುಪು ನಡವಳಿಕೆ ಮಾತ್ರ ಹೊಸವು. ಆಮೇಲೆ ಅದೇ ದೇಶದ ಸಣ್ಣಕಥೆ, ಆತ್ಮಕಥೆ. ಕವಿತೆಯನ್ನು ಕಾದಂಬರಿಯ ವೇಗದಲ್ಲಿ ಓದಿದರೆ ಏನೂ ದಕ್ಕದು: ದಿನಕ್ಕೆರಡು, ಗಟ್ಟಿಯಾಗಿ, ಎರಡೆರಡು ಸಲ. ಒಂದೇ ಕೃತಿಗೆ ಎರಡು ಅನುವಾದಗಳಿದ್ದರೆ ಸಂಭಾಷಣೆಯಿರುವ ಒಂದು ಪುಟವನ್ನು ಎರಡರಲ್ಲೂ ಓದಿ ನೋಡಿ. ಮಾತು ಆಡುವಂತೆ ಕೇಳಿಸುವುದನ್ನೇ ಆರಿಸಿಕೊಳ್ಳಿ.