ಪ್ರಾರ್ಥನೆ ಬೇಡ ಸರಿ, ಬೆಸಾಂವ್ ಯಾಕೆ ಬಿಟ್ಟಿರಿ?

ಈ ವಾರ ಬಂದ ಒಂದು ಪತ್ರ ಓದಿ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಬರೆದವರು ಬಂಟ್ವಾಳದ ಹತ್ತಿರದ ಕ್ಯಾಥೊಲಿಕ್ ಮನೆಯ ಹುಡುಗಿ. ಬೆಂಗಳೂರಲ್ಲಿ ಕೆಲಸ. ದೇವರ ಮೇಲಿನ ನಂಬಿಕೆ ಹೋಗಿ ಮೂರು ವರ್ಷವಾಯಿತಂತೆ. ಕಳೆದ ಕ್ರಿಸ್‌ಮಸ್‌ಗೆ ಮನೆಯಲ್ಲಿ ಹೇಳಿಬಿಟ್ಟಿದ್ದಾರೆ. ಅಲ್ಲಿಂದ ಊರಿಗೆ ಹೋದಾಗಲೆಲ್ಲ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆಯ ಹೊತ್ತಿಗೆ ಜಗಳ. ತಾಯಿ ಜಪಮಾಲೆ ಕೈಗೆತ್ತಿಕೊಂಡರೆ ಇವರು, ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದದ್ದಕ್ಕೆ ಚರ್ಚ್ ವಿಚಾರಣೆಗೆ ಎಳೆದ ಗೆಲಿಲಿಯೊ ಕಥೆ ತೆಗೆಯುತ್ತಾರೆ. ಈಗ ಮೊಂತಿ ಫೆಸ್ತ್, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬ ಹತ್ತಿರ ಬಂದಿದೆ. ಹೋಗಬೇಕೋ ಬೇಡವೋ, ಹೋದರೆ ನಂಬಿಕೆ ಇರುವವರ ಜೊತೆ ಗೌರವದಿಂದ ಮಾತಾಡೋದು ಹೇಗೆ ಅನ್ನೋದು ಪ್ರಶ್ನೆ.

ಪತ್ರದ ಮುಕ್ಕಾಲು ಭಾಗ ಬರೀ ವಾದ. ಯಾರು ಏನಂದರು, ನಾನು ಹೇಗೆ ಬಾಯಿ ಮುಚ್ಚಿಸಿದೆ. ಕೊನೆಗೆ, ಸುಮ್ನೆ ಹೇಳಿದ ಹಾಗೆ ಒಂದು ಸಾಲು: "ತೇರ್ಸ್ ಮುಗಿದ ಮೇಲೆ ಬೆಸಾಂವ್ ಕೇಳೋದನ್ನೂ ಬಿಟ್ಟಿದ್ದೇನೆ, ಅದೇನು ದೊಡ್ಡ ವಿಷಯ ಅಲ್ಲ."

ಅಲ್ವಾ? ಇಡೀ ಪತ್ರದಲ್ಲಿ ವಿಷಯ ಅಂತ ಇರೋದೇ ಅದೊಂದು.

ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಆಲ್ತಾರ್ (ಮನೆಯ ದೇವರ ಪೀಠ) ಮುಂದೆ ಕೂತು ಜಪಮಾಲೆ ಪ್ರಾರ್ಥನೆ ಮಾಡುತ್ತಾರೆ. ಐದು ರಹಸ್ಯ, ಅಂದರೆ ಯೇಸು, ಮೇರಿಯರ ಬದುಕಿನ ಘಟನೆಗಳ ಧ್ಯಾನ, ಜೊತೆಗೆ ಮೇರಿ ಮಾತೆಗೆ ಹೇಳುವ 53 'ನಮಾನ್ ಮರಿಯೆ'. ಮುಗಿದ ಕೂಡಲೇ ಕಿರಿಯರು ಒಬ್ಬೊಬ್ಬ ಹಿರಿಯರ ಮುಂದೆಯೂ ಹೋಗಿ ಕೈ ಮುಗಿದು "ಬೆಸಾಂವ್ ದಿ" ಅನ್ನುತ್ತಾರೆ. ಆಶೀರ್ವಾದ ಮಾಡಿ ಅಂತ. ಬೆಳಗ್ಗೆ ಬೈದಿದ್ದರೂ, ಮಧ್ಯಾಹ್ನ ಮಾತು ಬಿಟ್ಟಿದ್ದರೂ ಆ ಹೊತ್ತಿಗೆ ಮುಖ ನೋಡಲೇಬೇಕು.

ನೀವು ದೇವರನ್ನು ಬಿಟ್ಟಿರಿ, ಅದು ನಿಮ್ಮ ಹಕ್ಕು. ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಿಮಗೂ ಇದೆ, ತಾಯಿಗೂ ಇದೆ. ಆದರೆ ಆ ಸಾಲಿನಲ್ಲಿ ನೀವು ಬಿಟ್ಟಿದ್ದು ದೇವರನ್ನಲ್ಲ, ಅಮ್ಮನನ್ನು. ಜಗಳದಲ್ಲಿ ಅಮ್ಮ ಅತ್ತರು ಅಂತ ಬರೆದಿದ್ದೀರಲ್ಲ, ಅದು ಗೆಲಿಲಿಯೊಗಾಗಿ ಅಂದುಕೊಂಡಿರಾ? ಆ ವಿಚಾರಣೆ ನಡೆದದ್ದು 1633ರಲ್ಲಿ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಅಲ್ಲಿ ತಪ್ಪಾಗಿತ್ತು ಅಂತ ಒಪ್ಪಿಕೊಂಡರು. ಬಂಗುಡೆ ಹುರಿಯುತ್ತಾ ನಿಂತ ಹೆಂಗಸು ಅದಕ್ಕೆ ಇನ್ನೂ ಉತ್ತರ ಕೊಡಬೇಕಾ?

ತಾಯಿಯದ್ದೂ ಸ್ವಲ್ಪ ತಪ್ಪಿದೆ. ನಿಮಗೆ ಹೇಳದೆ ಬ್ಯಾಗಿನಲ್ಲಿ ಪವಿತ್ರ ಜಲದ ಬಾಟಲಿ ಇಡೋದನ್ನು ಅವರು ನಿಲ್ಲಿಸಬೇಕು. ಇರಲಿ, ಅದು ಚಿಕ್ಕದು.

ನಿಜವಾಗಿ ಬೆಂಕಿ ಹಚ್ಚಿದವರು ನಿಮ್ಮ ಮಾವ, ಅಮ್ಮನ ಅಣ್ಣ. ಕ್ರಿಸ್‌ಮಸ್ ಊಟಕ್ಕೆ ಸಣ್ಣಾಂ, ಹಂದಿ ಮಾಂಸ ಬಡಿಸಿಕೊಂಡು ಎಲ್ಲರೆದುರು "ದೇವರಿಲ್ಲ ಅಂದ್ಮೇಲೆ ನಿನಗೆ ನೀತಿ ಎಲ್ಲಿಂದ ಬಂತು?" ಅಂದರಂತೆ. ಎಲ್ಲರೂ ನಕ್ಕರಂತೆ. ಈ ಅಂಕಣದ ಹಳೇ ಓದುಗರಿಗೆ ಗೊತ್ತು, ತಟ್ಟೆ ಮುಂದೆ ವಾದ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ. ಉತ್ತರ ಬೇಕಿದ್ದವರು ಹಾಗೆ ಕೇಳೋದಿಲ್ಲ. ಇದೇ ಪ್ರಶ್ನೆಯನ್ನು ಮಿಲಾನಿನ ಕಾರ್ಡಿನಲ್ ಕಾರ್ಲೊ ಮರಿಯಾ ಮಾರ್ತೀನಿ 90ರ ದಶಕದಲ್ಲಿ ಉಂಬೆರ್ತೊ ಎಕೊ ಅವರಿಗೆ ಕೇಳಿದ್ದರು. ಎಕೊ ಕ್ಯಾಥೊಲಿಕ್ ಆಗಿ ಬೆಳೆದು ನಂಬಿಕೆ ಬಿಟ್ಟ ಲೇಖಕ. ಇಬ್ಬರೂ ಇಟಲಿಯ ಒಂದು ಪತ್ರಿಕೆಯಲ್ಲಿ ಪರಸ್ಪರ ಪತ್ರ ಬರೆಯುತ್ತಿದ್ದರು. ಎದುರಿಗೆ ಇನ್ನೊಬ್ಬರು ಇದ್ದಾರೆ ಅಂತ ಅರಿವಾದಾಗ ನೀತಿ ಶುರುವಾಗುತ್ತೆ ಅನ್ನೋ ಅರ್ಥದಲ್ಲಿ ಎಕೊ ಉತ್ತರಿಸಿದರು. ಈ ಕಾರ್ಡಿನಲ್ 1987ರಲ್ಲೇ ನಂಬದವರನ್ನು ಕರೆದು ಜನರೆದುರು ಮಾತಾಡಿಸಲು ಶುರು ಮಾಡಿದ್ದವರು. ಹೋಗಲಿ, ಮಾವನಿಗೆ ಇಟಲಿ ದೂರವಾಯಿತು ಅಂದರೆ ಅವರ ಚರ್ಚಿನದೇ ಮಾತಿದೆ. ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ ಹೊರಡಿಸಿದ 'ಗೌದಿಯುಂ ಎತ್ ಸ್ಪೆಸ್' ದಾಖಲೆ, ನಾಸ್ತಿಕತೆ ಹುಟ್ಟುವುದರಲ್ಲಿ ನಂಬುವವರ ಪಾಲೂ ಸಾಕಷ್ಟಿದೆ ಅನ್ನುತ್ತೆ. ಊಟದ ಮೇಜಿನಲ್ಲಿ ನಡೆದದ್ದು ಅದೇ ಅಲ್ವಾ?

ಆದರೆ ಇದನ್ನು ಮಾವನಿಗೆ ಓದಿ ಹೇಳಬೇಡಿ. ನಿಮಗೆ ಗೆಲ್ಲೋ ಚಪಲ ಜಾಸ್ತಿ, ಪತ್ರದಲ್ಲೇ ಕಾಣುತ್ತೆ.

ನೀವು ಮಾಡಬೇಕಾದ್ದು ಒಂದೇ. ಸೆಪ್ಟೆಂಬರ್ 8ಕ್ಕೆ ಊರಿಗೆ ಹೋಗಿ. ಹೊಸ ತೆನೆಯ ಊಟ ಮಾಡಿ. ಸಂಜೆ ತೇರ್ಸ್‌ಗೆ ಕೂತುಕೊಳ್ಳಿ, ಆದರೆ ಬಾಯಿ ಆಡಿಸಬೇಡಿ. ನಂಬದೆ ಪ್ರಾರ್ಥನೆ ಹೇಳಿದರೆ ನಿಮಗೂ ಮೋಸ, ಅವರಿಗೂ ಮೋಸ. ಮುಗಿದ ಮೇಲೆ ತಾಯಿಯ ಮುಂದೆ ನಿಂತು ಹೀಗೆ ಹೇಳಿ: "ಮಮ್ಮಿ, ದೇವರ ಹೆಸರಲ್ಲಿ ಕೇಳೋಕೆ ನನಗೆ ಆಗಲ್ಲ. ನಿನ್ನ ಹೆಸರಲ್ಲಿ ಬೆಸಾಂವ್ ಕೊಡು." ಅವರು ದೇವರ ಹೆಸರಲ್ಲೇ ಕೊಟ್ಟರೆ ತಿದ್ದಲು ಹೋಗಬೇಡಿ. ಅದು ಅವರ ಮಾತು. ಕೊಡಲ್ಲ ಅಂದರೆ ಮರುದಿನ ಮತ್ತೆ ಕೇಳಿ.

ಮಾವ ಹಬ್ಬದ ಊಟಕ್ಕೆ ಬಂದೇ ಬರುತ್ತಾರೆ. ಮತ್ತೆ ಶುರು ಮಾಡಿದರೆ "ಊಟ ಆಗಲಿ ಮಾವ, ಆಮೇಲೆ ಅಂಗಳದಲ್ಲಿ ಕೂತು ಮಾತಾಡೋಣ" ಅನ್ನಿ. ಊಟವಾದ ಮೇಲೆ ಅವರು ನಿದ್ದೆಗೆ ಹೋಗದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಬಸ್ ಟಿಕೆಟ್ ಈಗಲೇ ಮಾಡಿಸಿ, ಹಬ್ಬದ ವಾರ ಸಿಗೋದಿಲ್ಲ.